ಓಡಿಸಿದಷ್ಟೂ ದಣಿಯದ ನಾಯಿ: ಹರೆಯದ ಲ್ಯಾಬ್ರಡಾರ್‌ಗೆ ಸುಮ್ಮನಿರುವುದನ್ನು ಕಲಿಸುವುದು ಹೇಗೆ?

ಪ್ರಶ್ನೆ: ನಾವು ಮೈಸೂರಿನವರು. ನಮ್ಮ ಗಂಡು ಲ್ಯಾಬ್ರಡಾರ್‌ಗೆ ಈಗ 9 ತಿಂಗಳು. ನಾಲ್ಕೈದು ತಿಂಗಳವನಿದ್ದಾಗ ‘ಕೂತ್ಕೋ’ ಎಂದರೆ ಕೂರುತ್ತಿದ್ದವನು ಈಗ ಮನೆಯವರ ಮಾತನ್ನೇ ಕೇಳುವುದಿಲ್ಲ. ಬಂದವರ ಮೇಲೆಲ್ಲ ಹಾರುತ್ತಾನೆ, ಕೈ, ಸೆರಗು, ಪ್ಯಾಂಟು ಹಿಡಿದು ಎಳೆಯುತ್ತಾನೆ, ಚಪ್ಪಲಿ ಮತ್ತು ಸೋಫಾ ಹರಿದು ಹಾಕಿದ್ದಾನೆ. ಸಂಜೆ ಏಳರ ನಂತರ ಹುಚ್ಚು ಹಿಡಿದವನಂತೆ ಮನೆಯೆಲ್ಲ ಓಡುತ್ತಾನೆ. ನನ್ನ ಪತಿ ದಿನವೂ ಬೆಳಿಗ್ಗೆ ಒಂದು ಗಂಟೆ ಅವನನ್ನು ಓಡಿಸುತ್ತಾರೆ, ಸಂಜೆ ಮಗ ಒಂದು ಗಂಟೆ ಚೆಂಡೆಸೆದು ಆಡಿಸುತ್ತಾನೆ, ಆದರೂ ದಣಿಯುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಮಲಗಿ ಐದಕ್ಕೆ ಏಳುತ್ತಾನೆ, ಹಗಲಿನಲ್ಲಿ ನಮ್ಮ ಹಿಂದೆಯೇ ಸುತ್ತುತ್ತಾನೆ. ಕಳೆದ ವಾರ 74 ವರ್ಷದ ನಮ್ಮ ಅತ್ತೆಯವರ ಮೇಲೆ ಹಾರಿ ಅವರ ಕೈ ತರಚಿತು. ಪೇಪರು ಸುತ್ತಿ ಹೊಡೆಯಿರಿ, ಹಗಲೆಲ್ಲ ಕಟ್ಟಿಹಾಕಿ, ಆಪರೇಷನ್ ಮಾಡಿಸಿ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪರಿಚಯದವರ ತೋಟಕ್ಕೆ ಕೊಟ್ಟುಬಿಡೋಣ ಎಂಬ ಮಾತೂ ಮನೆಯಲ್ಲಿ ನಡೆಯುತ್ತಿದೆ. ಇದು ಕಾಯಿಲೆಯೇ? ಏನು ಮಾಡಬೇಕು?

ಉತ್ತರ: ಮೊದಲು ನಿಮ್ಮ ಅತ್ತೆಯವರ ಕೈಯ ವಿಚಾರವನ್ನು ಹೇಳಿಬಿಡುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಕೆಲವು ದಿನ ಕಾಯಬಹುದು, ಅದು ಕಾಯುವಂಥದ್ದಲ್ಲ. ನಾಯಿಯ ಹಲ್ಲಾಗಲಿ ಉಗುರಾಗಲಿ ತಾಗಿ ಚರ್ಮ ತರಚಿದರೆ ಆ ಜಾಗವನ್ನು ಕೂಡಲೇ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಮೆತ್ತಬಾರದು. ನಾಯಿಗೆ ರೇಬೀಸ್ ಲಸಿಕೆ ಆಗಿದೆ ಎಂಬ ಧೈರ್ಯದಲ್ಲಿ ವೈದ್ಯರನ್ನು ಕಾಣದೆ ಉಳಿಯುವುದು ನಮ್ಮ ದೇಶದ ಪರಿಸ್ಥಿತಿಯಲ್ಲಿ ಸರಿಯಲ್ಲ. ವಾರ ಕಳೆದುಹೋಯಿತೆಂದು ಸುಮ್ಮನಾಗದೆ, ನಾಯಿಯ ಲಸಿಕೆ ಪುಸ್ತಕವನ್ನು ಜೊತೆಯಲ್ಲಿ ಒಯ್ದು ಅವರನ್ನು ಇಂದೇ ವೈದ್ಯರಿಗೆ ತೋರಿಸಿ. ಲಸಿಕೆ ಬೇಕೇ ಬೇಡವೇ ಎಂಬುದನ್ನು ಅವರೇ ತೀರ್ಮಾನಿಸಲಿ.

ಇನ್ನು ಇದು ಕಾಯಿಲೆಯೇ ಎಂಬ ಪ್ರಶ್ನೆ. ನಾಯಿಗಳಲ್ಲಿ ಹೈಪರ್‌ಕೈನೆಸಿಸ್ ಎಂಬ ಸ್ಥಿತಿಯೊಂದು ಇರುವುದು ನಿಜ. ಅಂಥ ನಾಯಿ ಸದ್ದುಗದ್ದಲವಿಲ್ಲದ ಕೋಣೆಯಲ್ಲಿಯೂ ನೆಲೆ ನಿಲ್ಲಲಾರದು, ಸುಮ್ಮನೆ ಇರಬೇಕಾದ ಹೊತ್ತಿನಲ್ಲಿಯೂ ಅದರ ಎದೆಬಡಿತ ಮತ್ತು ಉಸಿರಾಟ ಏರಿಯೇ ಇರುತ್ತವೆ, ಮತ್ತು ಪಶುವೈದ್ಯರು ತಮ್ಮ ನಿಗಾದಲ್ಲಿ ಉತ್ತೇಜಕ ಔಷಧಿಯೊಂದನ್ನು ಕೊಟ್ಟು ಪರೀಕ್ಷಿಸಿದಾಗ ಅದು ಕೆರಳುವ ಬದಲು ಶಾಂತವಾಗುತ್ತದೆ. ಆದರೆ ಇದು ತೀರ ಅಪರೂಪದ ಸ್ಥಿತಿ. ‘ನಮ್ಮ ನಾಯಿ ಹೈಪರ್’ ಎಂದು ಹೇಳಿಕೊಂಡು ಬರುವ ಕುಟುಂಬಗಳ ನಾಯಿಗಳಲ್ಲಿ ಬಹುಪಾಲು ಹರೆಯಕ್ಕೆ ಬಂದ, ಆರೋಗ್ಯವಂತ, ನಿದ್ದೆ ಸಾಲದ ನಾಯಿಗಳು. ನೀವು ಬರೆದ ವಿವರಗಳನ್ನು ಓದಿದಾಗ ನಿಮ್ಮ ನಾಯಿಯೂ ಆ ಸಾಲಿಗೆ ಸೇರಿದವನೆಂದೇ ನನಗೆ ತೋರುತ್ತದೆ.

ಹಾಗಿದ್ದರೂ ಸ್ವಭಾವವನ್ನು ತಿದ್ದಲು ಹೊರಡುವ ಮುನ್ನ ಒಮ್ಮೆ ಪಶುವೈದ್ಯರಿಂದ ಪೂರ್ತಿ ತಪಾಸಣೆ ಮಾಡಿಸಿ. ನೋವು ಅಥವಾ ತುರಿಕೆ ಇರುವ ನಾಯಿ ಯಾವಾಗಲೂ ಕುಂಟುತ್ತದೆ, ಕುಂಯ್‌ಗುಟ್ಟುತ್ತದೆ ಎಂದೇನಿಲ್ಲ. ಎಷ್ಟೋ ಸಲ ಅದು ನಿಂತಲ್ಲಿ ನಿಲ್ಲದೆ ಚಡಪಡಿಸುತ್ತದೆ, ಮುಟ್ಟಿದ ಕೈಗೆ ಬಾಯಿ ಹಾಕುತ್ತದೆ. ಲ್ಯಾಬ್ರಡಾರ್‌ಗಳಲ್ಲಿ ಸೊಂಟದ ಮತ್ತು ಮೊಣಕೈ ಕೀಲಿನ, ವಂಶದಿಂದ ಬರುವ ದೋಷಗಳು ಹೆಚ್ಚು, ಜೋತುಬಿದ್ದ ಕಿವಿಯೊಳಗೆ ಸೋಂಕು ಸುಲಭವಾಗಿ ಆಗುತ್ತದೆ, ಚರ್ಮದ ಅಲರ್ಜಿ ಒಂದು ವರ್ಷದ ಆಸುಪಾಸಿನಲ್ಲಿ ತಲೆದೋರುವುದುಂಟು. ಉಣ್ಣಿ, ಚಿಗಟ, ಜಂತುಹುಳುಗಳನ್ನಂತೂ ನೋಡಲೇಬೇಕು. ಮಲಗಿದ್ದವನು ಏಳುವಾಗ ಹಿಂಗಾಲು ಹಿಡಿದುಕೊಂಡಂತೆ ನಡೆಯುತ್ತಾನೆಯೇ, ಕಿವಿಯನ್ನು ಪದೇಪದೇ ಕೆರೆದುಕೊಳ್ಳುತ್ತಾನೆಯೇ, ಪಾದಗಳನ್ನು ನೆಕ್ಕುತ್ತಲೇ ಇರುತ್ತಾನೆಯೇ ಎಂದು ಎರಡು ದಿನ ಗಮನಿಸಿ, ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರಿಸಿಕೊಂಡು ಹೋಗಿ. ಆಸ್ಪತ್ರೆಯ ಮೇಜಿನ ಮೇಲೆ ನಿಂತ ನಾಯಿ ಮನೆಯ ನಡಿಗೆಯನ್ನು ತೋರಿಸುವುದಿಲ್ಲ.

ಐದನೆಯ ತಿಂಗಳಲ್ಲಿ ಕೇಳುತ್ತಿದ್ದ ಮಾತನ್ನು ಒಂಬತ್ತನೆಯ ತಿಂಗಳಲ್ಲಿ ಕೇಳದಿರುವುದು ಅವಿಧೇಯತೆಯಲ್ಲ, ವಯಸ್ಸಿನ ಗುಣ. ಸುಮಾರು 6 ತಿಂಗಳಿಂದ ಒಂದೂವರೆ ವರ್ಷದವರೆಗೆ, ದೊಡ್ಡ ತಳಿಗಳಲ್ಲಿ ಕೆಲವೊಮ್ಮೆ ಎರಡು ವರ್ಷದವರೆಗೂ, ನಾಯಿಗಳಿಗೆ ಹರೆಯ. ಬ್ರಿಟನ್ನಿನಲ್ಲಿ ಅಂಧರಿಗೆ ದಾರಿ ತೋರಿಸಲು ಬೆಳೆಸುವ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಮತ್ತು ಅವುಗಳ ಮಿಶ್ರತಳಿಯ ನಾಯಿಗಳನ್ನು ಗಮನಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಚೆನ್ನಾಗಿ ತೋರಿಸಿತು. 5 ತಿಂಗಳಲ್ಲಿದ್ದುದಕ್ಕಿಂತ 8 ತಿಂಗಳಲ್ಲಿ ಈ ನಾಯಿಗಳು ತಮ್ಮನ್ನು ಸಾಕಿದವರು ಹೇಳಿದಾಗ ಕುಳಿತುಕೊಳ್ಳಲು ಹೆಚ್ಚು ಹಿಂದೇಟು ಹಾಕಿದವು. ಅದೇ ಆಜ್ಞೆಯನ್ನು ಅಪರಿಚಿತರು ಕೊಟ್ಟಾಗ ಆ ಹಿಂದೇಟು ಕಾಣಲಿಲ್ಲ. ಹರೆಯ ಕಳೆದಂತೆ ಅದು ತಾನಾಗಿ ಕಡಿಮೆಯಾಯಿತು. ಎಲ್ಲ ಬಿಟ್ಟು ನಮ್ಮ ಮಾತನ್ನೇ ಕೇಳುವುದಿಲ್ಲವಲ್ಲ ಎಂದು ನೀವು ನೊಂದುಕೊಂಡಿದ್ದೀರಿ; ಸಾಕಿದವರ ಮಾತನ್ನೇ ಕೇಳದಿರುವುದು ಈ ವಯಸ್ಸಿನ ವಿಶೇಷ. ದುರದೃಷ್ಟವೆಂದರೆ, ನಾಯಿಗಳನ್ನು ಮನೆಯವರು ಕೈಬಿಡುವುದು ಹೆಚ್ಚಾಗಿ ಈ ತಿಂಗಳುಗಳಲ್ಲಿಯೇ.

ತಳಿಯ ವಿಚಾರವನ್ನೂ ಒಂದಿಷ್ಟು ತಿಳಿದಿರಬೇಕು. ಲ್ಯಾಬ್ರಡಾರ್‌ನ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದಲ್ಲಿ ಮೀನುಗಾರರ ಜೊತೆ ದುಡಿದ ನಾಯಿಗಳು. ಅವನ್ನು ಬ್ರಿಟನ್ನಿಗೆ ಒಯ್ದ ಮೇಲೆ, ಬೇಟೆಗಾರ ಹೊಡೆದ ಹಕ್ಕಿಯನ್ನು ಹುಡುಕಿ, ಗಾಯಗೊಳಿಸದೆ ಬಾಯಲ್ಲಿ ಹಿಡಿದು ತಂದುಕೊಡುವ ಕೆಲಸಕ್ಕಾಗಿ ತಲೆಮಾರುಗಳ ಕಾಲ ಆರಿಸಿ ಬೆಳೆಸಿದರು. ಸಿಕ್ಕಿದ್ದನ್ನೆಲ್ಲ ಬಾಯಲ್ಲಿ ಹಿಡಿಯಬೇಕೆನ್ನುವ ಬಯಕೆ ಅವನ ರಕ್ತದಲ್ಲಿದೆ. ಅದನ್ನು ಅಳಿಸಲಾಗದು, ಬೇರೆ ವಸ್ತುವಿನ ಕಡೆಗೆ ತಿರುಗಿಸಬಹುದು. ಇನ್ನೊಂದು ಗುಣ ನಿಮ್ಮ ನೆರವಿಗೆ ಬರುವಂಥದ್ದು. ಹಸಿವನ್ನು ಹತೋಟಿಯಲ್ಲಿಡುವ ಪಿಒಎಂಸಿ ಎಂಬ ಜೀನಿನ ಒಂದು ತುಣುಕು ಸುಮಾರು ಕಾಲುಭಾಗದಷ್ಟು ಲ್ಯಾಬ್ರಡಾರ್‌ಗಳಲ್ಲಿ ಇಲ್ಲವೆಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ಅಂಥ ನಾಯಿಗಳಿಗೆ ಎಷ್ಟು ತಿಂದರೂ ತೃಪ್ತಿಯಿಲ್ಲ. ಬೊಜ್ಜಿನ ಅಪಾಯ ಅವಕ್ಕೆ ಹೆಚ್ಚು, ಆದರೆ ಒಂದು ಕಾಳು ತಿನಿಸಿಗಾಗಿ ಅವು ಏನನ್ನು ಬೇಕಾದರೂ ಕಲಿಯುತ್ತವೆ. ನಿಮ್ಮ ಕೈಯಲ್ಲಿರುವ ಅತ್ಯುತ್ತಮ ಸಾಧನ ಅವನ ಊಟವೇ.

ಈಗ ನಿಮ್ಮ ಪತ್ರದ ತಿರುಳಿಗೆ ಬರುತ್ತೇನೆ. ಒಂದು ಗಂಟೆ ಓಡಿಸಿ, ಇನ್ನೊಂದು ಗಂಟೆ ಚೆಂಡೆಸೆದು ಆಡಿಸಿದರೂ ನಾಯಿ ದಣಿಯುವುದಿಲ್ಲ ಎಂದಿದ್ದೀರಿ. ಅವನು ದಣಿಯುತ್ತಿಲ್ಲವೆಂದಲ್ಲ, ದಣಿದ ಮೇಲೆ ಸುಮ್ಮನಾಗಲು ಅವನಿಗೆ ಗೊತ್ತಿಲ್ಲ. ಬೆಳೆದ ನಾಯಿಯೇ ದಿನಕ್ಕೆ 12ರಿಂದ 14 ಗಂಟೆ ನಿದ್ರಿಸುತ್ತದೆ, ಬೆಳೆಯುವ ನಾಯಿಗೆ ಅದಕ್ಕಿಂತಲೂ ಹೆಚ್ಚು ಬೇಕು. ನಿಮ್ಮವನು ರಾತ್ರಿ 6 ಗಂಟೆ ಮಲಗಿ, ಹಗಲಿನಲ್ಲಿ ಕರೆಗಂಟೆ, ಕುಕ್ಕರ್ ಕೂಗು, ಕೆಲಸದವರ ಓಡಾಟ, ಟಿವಿ, ಮಕ್ಕಳು ಎಂದು ಪ್ರತಿ ಸದ್ದಿಗೂ ಎದ್ದು ನಿಮ್ಮ ಹಿಂದೆ ಬರುತ್ತಿದ್ದಾನೆ. ಸಂಜೆ ಏಳರ ಹೊತ್ತಿಗೆ ಅವನಲ್ಲಿ ಉಳಿದಿರುವುದು ಶಕ್ತಿಯಲ್ಲ, ನಿದ್ದೆಗೆಟ್ಟ ಮಗು ಹಿಡಿಯುವಂಥ ರಚ್ಚೆ. ಅದರ ಮೇಲೆ ಚೆಂಡಿನಾಟವೂ ಸೇರುತ್ತದೆ. ಒಂದೇ ಸಮನೆ ಅಟ್ಟಿಸಿಕೊಂಡು ಓಡುವ ಆಟ ನಾಯಿಯ ದೇಹವನ್ನು ಬಳಲಿಸುವಷ್ಟೇ ಅದರ ಮನಸ್ಸನ್ನು ಉದ್ರೇಕಗೊಳಿಸುತ್ತದೆ, ಮತ್ತು ಆ ಉದ್ರೇಕ ಆಟ ನಿಂತ ತಕ್ಷಣ ಇಳಿಯುವುದಿಲ್ಲ. ದಿನವೂ ಹಾಗೆ ಓಡಿಸಿದಾಗ ಅವನ ಕಸುವು ಹೆಚ್ಚುತ್ತದೆ, ನಾಳೆ ದಣಿಸಲು ಇಂದಿಗಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ಈ ಪೈಪೋಟಿಯಲ್ಲಿ ಮನುಷ್ಯರು ಗೆದ್ದದ್ದಿಲ್ಲ.

ಮೂಳೆಗಳ ದೃಷ್ಟಿಯಿಂದಲೂ ಒಂಬತ್ತು ತಿಂಗಳ ಲ್ಯಾಬ್ರಡಾರ್‌ನನ್ನು ಡಾಂಬರು ರಸ್ತೆಯ ಮೇಲೆ ಗಂಟೆಗಟ್ಟಲೆ ಓಡಿಸುವುದು ಒಳ್ಳೆಯದಲ್ಲ. ಅವನ ಎಲುಬುಗಳ ಬೆಳವಣಿಗೆ ಇನ್ನೂ ಮುಗಿದಿಲ್ಲ. ಅವನಾಗಿ ಹುಲ್ಲಿನ ಮೇಲೆ ಓಡುವುದು ಬೇರೆ, ಓಡುವವರ ವೇಗಕ್ಕೆ ಹಗ್ಗದ ತುದಿಯಲ್ಲಿ ಓಡಲೇಬೇಕಾಗುವುದು ಬೇರೆ. ಬೆಳಗಿನ ಓಟದ ಬದಲು 40 ನಿಮಿಷದ ನಿಧಾನ ನಡಿಗೆಯಿರಲಿ, ಮತ್ತು ಆ ನಡಿಗೆಯಲ್ಲಿ ಅರ್ಧಭಾಗವಾದರೂ ಅವನ ಮೂಗಿಗೆ ಮೀಸಲಾಗಿರಲಿ. ಎರಡು ಮೀಟರ್ ಉದ್ದದ ಸಡಿಲವಾದ ಹಗ್ಗದಲ್ಲಿ ಅವನು ಮೂಸಲು ನಿಂತಲ್ಲಿ ನೀವೂ ನಿಲ್ಲಿ, ಎಳೆಯಬೇಡಿ. ಒಂದು ಕಂಬವನ್ನು ಐದು ನಿಮಿಷ ಮೂಸಿದ ನಾಯಿ ಮನೆಗೆ ಬಂದು ಮಲಗುವಷ್ಟು ನೆಮ್ಮದಿಯಿಂದ ಚೆಂಡಿನ ಹಿಂದೆ ಓಡಿದ ನಾಯಿ ಮಲಗುವುದಿಲ್ಲ. ಮಾರ್ಚಿಯಿಂದ ಮೇವರೆಗೆ ಬಿಸಿಲೇರುವ ಮುನ್ನ ನಡಿಗೆ ಮುಗಿಯಲಿ. ಅಂಗೈಯನ್ನು ರಸ್ತೆಯ ಮೇಲಿಟ್ಟು ಐದಾರು ಸೆಕೆಂಡು ತಾಳಲಾಗದಿದ್ದರೆ ಅವನ ಪಾದವೂ ಅದನ್ನು ತಾಳಲಾರದು. ಚೆಂಡಿನಾಟವನ್ನು ಮಗನಿಂದ ಪೂರ್ತಿ ಕಸಿದುಕೊಳ್ಳಬೇಕಾಗಿಲ್ಲ. ಏಳೆಂಟು ಎಸೆತ ಸಾಕು. ಪ್ರತಿ ಎಸೆತಕ್ಕೆ ಮೊದಲು ಅವನು ಕುಳಿತು ಕಾಯಲಿ, ಕೊನೆಯ ಎರಡು ಸಲ ಚೆಂಡನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ಹುಡುಕಲು ಬಿಡಲಿ. ಆಟ ಸಂಜೆ ಐದೂವರೆಯೊಳಗೆ ಮುಗಿಯಲಿ.

ಹಗಲು ಎರಡು ಹೊತ್ತು ಅವನಿಗೆ ಕಡ್ಡಾಯವಾಗಿ ವಿಶ್ರಾಂತಿ ಕೊಡಿ, ಬೆಳಿಗ್ಗೆ ತಿಂಡಿಯ ನಂತರ ಎರಡು ಗಂಟೆ, ಮಧ್ಯಾಹ್ನ ಎರಡು ಗಂಟೆ. ಮನೆಯ ಓಡಾಟ ಕಾಣದ ಒಂದು ಕೋಣೆ, ಎಳೆದ ಪರದೆ, ಹೊರಗಿನ ಸದ್ದನ್ನು ಮರೆಸುವಂತೆ ತಿರುಗುವ ಫ್ಯಾನು, ನೆಲದ ಮೇಲೆ ಜಾರದಂತೆ ಹಾಸಿದ ಜಮಖಾನ, ಒಂದು ಬಟ್ಟಲು ನೀರು ಇಷ್ಟಿದ್ದರೆ ಆಯಿತು. ಕೋಣೆಯ ಬಾಗಿಲಿಗೆ ಮಕ್ಕಳ ಗೇಟು (ಚಿಕ್ಕ ಮಕ್ಕಳು ದಾಟದಂತೆ ಹಾಕುವ ಗಿಡ್ಡ ಗೇಟು) ಹಾಕಿಸಿದರೆ ಬಾಗಿಲು ಮುಚ್ಚಿಬಿಟ್ಟರೆಂಬ ದಿಗಿಲು ಅವನಿಗೆ ಇರುವುದಿಲ್ಲ. ಮೊದಲ ದಿನಗಳಲ್ಲಿ ಒಳಗೆ ಬಿಟ್ಟು ಹೊರಟುಬಿಡಬೇಡಿ. ಅಗಿಯಲು ಏನಾದರೂ ಕೊಟ್ಟು, ನೀವೂ ಅಲ್ಲಿಯೇ ಕುಳಿತು ನಿಮ್ಮ ಕೆಲಸ ಮಾಡಿಕೊಳ್ಳಿ, ಅವನ ಕಡೆ ನೋಡಬೇಡಿ. ಅವನು ನಿದ್ರೆಗೆ ಜಾರುವುದನ್ನು ರೂಢಿ ಮಾಡಿಕೊಂಡ ಮೇಲೆ ಒಂದೊಂದೇ ನಿಮಿಷ ಹೊರಗೆ ಹೋಗಿ ಬನ್ನಿ. ಈ ಕೋಣೆಯನ್ನು ಶಿಕ್ಷೆಯ ಜಾಗವಾಗಿ ಎಂದೂ ಬಳಸಬೇಡಿ. ಸಿಟ್ಟಿನಲ್ಲಿ ಒಮ್ಮೆ ಅಲ್ಲಿಗೆ ತಳ್ಳಿದರೂ ಅವನು ಮತ್ತೆ ಅಲ್ಲಿ ನಿಶ್ಚಿಂತೆಯಿಂದ ಮಲಗುವುದಿಲ್ಲ.

ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವ ವಿಚಾರ ಒಂದಿದೆ. ನಾಯಿಯೊಂದು ಹಾರಿದಾಗ, ಬೊಗಳಿದಾಗ, ಚಪ್ಪಲಿ ಕಚ್ಚಿ ಓಡಿದಾಗ ಮನೆಯವರೆಲ್ಲ ಎದ್ದು ಬರುತ್ತಾರೆ. ಅದು ಮೂಲೆಯಲ್ಲಿ ತೆಪ್ಪಗೆ ಮಲಗಿದಾಗ ಸದ್ಯ ಸುಮ್ಮನಾಯಿತಲ್ಲ ಎಂದು ಯಾರೂ ಅತ್ತ ಸುಳಿಯುವುದಿಲ್ಲ. ದಿನವೂ ಹೀಗೇ ನಡೆದರೆ ನಾಯಿ ಏನನ್ನು ಕಲಿಯುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೈಗುಳವೂ ಅದಕ್ಕೆ ಗಮನವೇ, ತಳ್ಳುವುದೂ ಆಟವೇ. ಆದ್ದರಿಂದ ನೀವು ಕಲಿಸಬೇಕಾದ ಹೊತ್ತು ಅವನು ಸುಮ್ಮನಿರುವ ಹೊತ್ತು. ಅವನ ದಿನದ ಒಣ ಆಹಾರದಲ್ಲಿ ಕಾಲುಭಾಗವನ್ನು ಒಂದು ಡಬ್ಬಿಗೆ ಹಾಕಿ ಹಜಾರದ ಕಪಾಟಿನ ಮೇಲಿಡಿ. ಅವನು ಮಲಗಿದ್ದನ್ನು, ತಲೆಯನ್ನು ನೆಲಕ್ಕೆ ಒರಗಿಸಿದ್ದನ್ನು, ನಿಂತಿದ್ದರೂ ಸುಮ್ಮನೆ ಕಿಟಕಿಯಾಚೆ ನೋಡುತ್ತಿರುವುದನ್ನು ಮನೆಯಲ್ಲಿ ಯಾರು ಕಂಡರೂ ಸದ್ದಿಲ್ಲದೆ ಹತ್ತಿರ ಹೋಗಿ ಒಂದೆರಡು ಕಾಳನ್ನು ಅವನ ಮುಂಗಾಲುಗಳ ನಡುವೆ ನೆಲದ ಮೇಲಿಟ್ಟು ಬರಬೇಕು. ಹೊಗಳಿಕೆ ಬೇಡ, ತಲೆ ಸವರುವುದೂ ಬೇಡ. ಮೊದಲ ಮೂರು ನಾಲ್ಕು ದಿನ ಅವನು ಎದ್ದು ನಿಮ್ಮ ಹಿಂದೆ ಬರುತ್ತಾನೆ, ಡಬ್ಬಿಯ ಕಡೆ ನೋಡುತ್ತಾನೆ. ಆಗ ಏನೂ ಕೊಡದೆ ನಿಮ್ಮ ಪಾಡಿಗೆ ನೀವಿರಿ, ಮತ್ತೆ ಮಲಗಿದಾಗ ಮತ್ತೆ ಇಡಿ. ಕೆಲವೇ ದಿನಗಳಲ್ಲಿ, ಏನಾದರೂ ಬೇಕೆನಿಸಿದಾಗ ಹಾರುವ ಬದಲು ಜಮಖಾನದ ಮೇಲೆ ಹೋಗಿ ಮಲಗಿ ನಿಮ್ಮನ್ನು ನೋಡುವುದನ್ನು ಅವನು ಶುರುಮಾಡುತ್ತಾನೆ. ಬೇರೆ ಯಾವ ಸಲಹೆಯನ್ನು ಕೈಬಿಟ್ಟರೂ ಇದನ್ನು ಬಿಡಬೇಡಿ.

ಉಳಿದ ಆಹಾರವನ್ನೂ ಬಟ್ಟಲಿಗೆ ಸುರಿಯುವ ಅಗತ್ಯವಿಲ್ಲ. ಬಟ್ಟಲಿನ ಊಟವನ್ನು ಲ್ಯಾಬ್ರಡಾರ್ ಒಂದು ನಿಮಿಷದಲ್ಲಿ ಮುಗಿಸುತ್ತಾನೆ. ಅದನ್ನೇ ಹಿತ್ತಲಿನ ಹುಲ್ಲಿನಲ್ಲಿ ಚೆಲ್ಲಿದರೆ ಕಾಲು ಗಂಟೆ ಮೂಗಿನಿಂದ ಹುಡುಕುತ್ತಾನೆ. ಹಳೆಯ ದಪ್ಪ ಟವೆಲಿನೊಳಗೆ ಕಾಳು ಹಾಕಿ ಸುತ್ತಿಟ್ಟರೆ ಬಿಡಿಸಿ ತಿನ್ನುತ್ತಾನೆ. ಟೊಳ್ಳಾದ ರಬ್ಬರ್ ಆಟಿಕೆಯೊಳಗೆ ಮೊಸರು, ಬೇಯಿಸಿದ ಕ್ಯಾರೆಟ್, ಸ್ವಲ್ಪ ಮೊಟ್ಟೆ ತುಂಬಿ ಫ್ರೀಜರಿನಲ್ಲಿಟ್ಟು ಸಂಜೆ ಆರೂವರೆಗೆ ಕೊಡಿ; ನೆಕ್ಕುವುದು ಮತ್ತು ಅಗಿಯುವುದು ನಾಯಿಯ ಉದ್ರೇಕವನ್ನು ಇಳಿಸುತ್ತವೆ, ಏಳು ಗಂಟೆಯ ಹುಚ್ಚು ಓಟಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ತಿಳಿಯದು. ಎಚ್ಚರಿಕೆಯ ಮಾತೂ ಇದೆ. ಈ ತಳಿಯ ನಾಯಿಗಳು ಕಾಲುಚೀಲ, ಬಟ್ಟೆಯ ತುಂಡುಗಳನ್ನು ನುಂಗಿ ಕರುಳು ಕಟ್ಟಿಕೊಂಡು ಶಸ್ತ್ರಚಿಕಿತ್ಸೆಯವರೆಗೆ ಹೋಗುವುದು ಅಪರೂಪವಲ್ಲ, ಹಾಗಾಗಿ ಟವೆಲಿನ ಆಟ ನಿಮ್ಮ ಕಣ್ಣೆದುರಿನಲ್ಲಿಯೇ ನಡೆಯಲಿ. ಬೇಯಿಸಿದ ಎಲುಬು, ಈರುಳ್ಳಿ, ಚಾಕೊಲೇಟ್, ಪಾಯಸದಲ್ಲಿ ಸಿಗುವ ಒಣದ್ರಾಕ್ಷಿ ಇವು ಅವನ ಬಾಯಿಗೆ ಬೀಳದಿರಲಿ. ಮೊಟ್ಟೆ, ಮಾಂಸ ಹಾಕಿದರೆ ನಾಯಿ ಉಗ್ರವಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಬರಿಯ ಹಾಲು ಅನ್ನ ಉಣ್ಣಿಸಿದರೆ ಶಾಂತವಾಗುತ್ತದೆ ಎಂಬುದಕ್ಕೂ ಇಲ್ಲ.

ಮೈಮೇಲೆ ಹಾರುವುದರ ಬಗ್ಗೆ. ನಿಮ್ಮ ಅತ್ತೆಯವರು ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯ ನಿಜವಾದದ್ದು, ಆದ್ದರಿಂದ ಇಲ್ಲಿ ಕಲಿಸುವುದಕ್ಕಿಂತ ತಡೆಯುವುದು ಮೊದಲು. ಅವರ ಕೋಣೆಗೂ ಒಂದು ಮಕ್ಕಳ ಗೇಟು ಬೇಕು. ಅವರು ಹಜಾರದಲ್ಲಿ ಓಡಾಡುವಾಗ ನಾಯಿ ಹಗ್ಗದಲ್ಲಿರಲಿ ಅಥವಾ ತನ್ನ ಕೋಣೆಯಲ್ಲಿರಲಿ. ನಾಯಿಯನ್ನು ತಿದ್ದುವ ಹೊಣೆ ಅವರ ಮೇಲೆ ಬೀಳಬಾರದು. ಅವರಿಗೆ ಅವನ ಮೇಲೆ ಪ್ರೀತಿಯಿದ್ದರೆ ಕುರ್ಚಿಯಲ್ಲಿ ಕುಳಿತು, ಗೇಟಿನ ಆಚೆಯಿಂದ, ಅವನು ನಾಲ್ಕು ಕಾಲೂರಿ ನಿಂತಾಗ ಒಂದು ಕಾಳನ್ನು ನೆಲದ ಮೇಲೆ ಹಾಕಲಿ. ಅತಿಥಿಗಳು ಬಂದಾಗ ಬಾಗಿಲು ತೆಗೆಯುವ ಮೊದಲೇ ಅವನಿಗೆ ಹಗ್ಗ ಹಾಕಿ, ಬಂದವರು ಒಳಗೆ ಕಾಲಿಡುತ್ತಿದ್ದಂತೆ ಒಂದು ಹಿಡಿ ಕಾಳನ್ನು ನೆಲದ ಮೇಲೆ ಚೆಲ್ಲಿ. ಮೂಗು ನೆಲದಲ್ಲಿರುವ ನಾಯಿ ಹಾರಲಾರದು, ಮತ್ತು ಆ ಒಂದು ನಿಮಿಷದಲ್ಲಿ ಅತಿಥಿ ಬಂದ ಬಿಸಿ ಆರಿರುತ್ತದೆ. ಮನೆಯವರ ಮೇಲೆ ಹಾರಿದರೆ ಮಾತಾಡದೆ, ಮುಟ್ಟದೆ, ಬೆನ್ನು ತಿರುಗಿಸಿ ನಿಲ್ಲಿ; ಕಾಲು ನೆಲಕ್ಕಿಳಿದ ಕ್ಷಣವೇ ಬಗ್ಗಿ ಮಾತಾಡಿಸಿ. ಐವರಲ್ಲಿ ಒಬ್ಬರು ಮುದ್ದಿನಿಂದ ಹಾರಿಸಿಕೊಂಡರೂ ಉಳಿದ ನಾಲ್ವರ ಶ್ರಮ ವ್ಯರ್ಥ, ಏಕೆಂದರೆ ಯಾವಾಗಲೋ ಒಮ್ಮೆ ಫಲ ಸಿಗುವ ಅಭ್ಯಾಸ ಪ್ರತಿಸಲವೂ ಫಲ ಸಿಗುವ ಅಭ್ಯಾಸಕ್ಕಿಂತ ಗಟ್ಟಿಯಾಗಿ ಬೇರೂರುತ್ತದೆ. ಇದನ್ನೂ ತಿಳಿದಿರಿ: ನೀವು ಗಮನ ಕೊಡುವುದನ್ನು ನಿಲ್ಲಿಸಿದ ಮೊದಲ ವಾರ ಅವನು ಮೊದಲಿಗಿಂತ ಹೆಚ್ಚು ಹಾರುತ್ತಾನೆ, ಹೆಚ್ಚು ಬೊಗಳುತ್ತಾನೆ. ಹಳೆಯ ಉಪಾಯ ಫಲ ಕೊಡದಿದ್ದಾಗ ಅದನ್ನೇ ಜೋರಾಗಿ ಪ್ರಯೋಗಿಸಿ ನೋಡುವುದು ಪ್ರಾಣಿಗಳ ಸ್ವಭಾವ. ಬಹಳಷ್ಟು ಕುಟುಂಬಗಳು ಇದರಿಂದ ಆಗುವುದಿಲ್ಲವೆಂದು ಬಿಟ್ಟುಬಿಡುವುದು ಆ ವಾರದಲ್ಲಿಯೇ.

ಕೈ ಮತ್ತು ಸೆರಗು ಕಚ್ಚುವುದು ಹಲ್ಲು ಬರುವ ತೊಂದರೆಯಿಂದಲ್ಲ. 28 ಹಾಲುಹಲ್ಲುಗಳು ಬಿದ್ದು 42 ಶಾಶ್ವತ ಹಲ್ಲುಗಳು ಬರುವುದು ಏಳನೆಯ ತಿಂಗಳ ಹೊತ್ತಿಗೆ ಮುಗಿದಿರುತ್ತದೆ. ಅವನು ಬಾಯಿ ಹಾಕಿದಾಗ ಕೈಯನ್ನು ಚಕ್ಕನೆ ಎಳೆದುಕೊಂಡರೆ ಓಡುವ ಬೇಟೆಯನ್ನು ಹಿಡಿಯುವ ಆಟವಾಗುತ್ತದೆ, ಕಿರುಚಿದರೆ ಇನ್ನಷ್ಟು ರಂಗೇರುತ್ತದೆ. ಕೈಯನ್ನು ಸಡಿಲ ಬಿಟ್ಟು ಅಲ್ಲಾಡದೆ ನಿಂತು, ಇನ್ನೊಂದು ಕೈಯಿಂದ ಹಗ್ಗದ ಆಟಿಕೆಯನ್ನು ಅವನ ಬಾಯಿಗೆ ಕೊಡಿ. ಅದನ್ನೂ ಬಿಟ್ಟು ಮತ್ತೆ ಕೈಗೇ ಬಂದರೆ ಗೇಟಿನ ಆಚೆ ದಾಟಿ ಅರ್ಧ ನಿಮಿಷ ನಿಂತು ಬನ್ನಿ. ಮನೆಯ ಪ್ರತಿ ಕೋಣೆಯಲ್ಲೂ ಅವನು ಬಾಯಲ್ಲಿ ಹಿಡಿಯಬಹುದಾದ ಒಂದು ವಸ್ತು ಕೈಗೆಟುಕುವಂತಿರಲಿ. ಸದ್ಯಕ್ಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿಗಳನ್ನು ಬಾಗಿಲಿರುವ ಗೂಡಿನಲ್ಲಿಡಿ, ನೀವಿಲ್ಲದಾಗ ಸೋಫಾ ಇರುವ ಕೋಣೆಗೆ ಅವನನ್ನು ಬಿಡಬೇಡಿ. ಇವು ತರಬೇತಿಯಲ್ಲ, ಆದರೆ ಪ್ರತಿಸಲ ಹರಿದಾಗಲೂ ಹರಿಯುವ ಅಭ್ಯಾಸ ಬಲಿಯುತ್ತದೆ ಎಂಬುದನ್ನು ಮರೆಯಬಾರದು.

ಆಜ್ಞೆಗಳ ಅಭ್ಯಾಸವನ್ನು ಐದನೆಯ ತಿಂಗಳ ಮಟ್ಟಕ್ಕೆ ಇಳಿಸಿ ಮತ್ತೆ ಆರಂಭಿಸಿ: ಸದ್ದಿಲ್ಲದ ಕೋಣೆ, ಮೂರು ನಿಮಿಷ, ದಿನಕ್ಕೆ ಮೂರು ನಾಲ್ಕು ಬಾರಿ, ಬೇಯಿಸಿದ ಕೋಳಿಯ ಅಥವಾ ಪನೀರಿನ ಚಿಕ್ಕ ತುಣುಕು. ಒಂದು ಮಾತನ್ನು ಒಮ್ಮೆ ಮಾತ್ರ ಹೇಳಿ. ಬೀದಿಯಲ್ಲಿ ಎಳೆಯುವ ನಾಯಿಗೆ ಎದೆಯ ಮುಂಭಾಗದಲ್ಲಿ ಕೊಂಡಿಯಿರುವ ಹಾರ್ನೆಸ್ (ಮೈಗೆ ತೊಡಿಸುವ ಪಟ್ಟಿ) ಒಳ್ಳೆಯದು; ಕುತ್ತಿಗೆಯನ್ನು ಬಿಗಿಯುವ ಚೈನು ಬೇಡ.

ಹೊಡೆಯಿರಿ ಎಂದವರಿಗೆ ನೀವು ಏನು ಹೇಳಬೇಕು? ಪೋರ್ಚುಗಲ್ಲಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗದರಿಸಿ, ಚೈನು ಜಗ್ಗಿ ಕಲಿಸುವ ಶಾಲೆಗಳ ನಾಯಿಗಳು ತಿನಿಸು ಕೊಟ್ಟು ಕಲಿಸುವ ಶಾಲೆಗಳ ನಾಯಿಗಳಿಗಿಂತ ತರಬೇತಿಯ ವೇಳೆ ಹೆಚ್ಚು ಆತಂಕವನ್ನು ತೋರಿಸಿದವು, ಅವುಗಳ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನು ಹೆಚ್ಚಾಗಿತ್ತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ನಾಯಿಯನ್ನು ಹೊಡೆದ ಅಥವಾ ಒದ್ದ ಮಾಲೀಕರಲ್ಲಿ 43 ಪ್ರತಿಶತ ಮಂದಿ ತಮ್ಮ ನಾಯಿ ತಿರುಗಿಬಿದ್ದದ್ದನ್ನು ಹೇಳಿದ್ದರು. 74 ವರ್ಷದ ಹಿರಿಯರು ಮತ್ತು ಒಬ್ಬ ಹುಡುಗ ಇರುವ ಮನೆಯಲ್ಲಿ ಈ ಜೂಜಿಗೆ ನಾನು ಎಂದೂ ಒಪ್ಪಿಗೆ ಕೊಡಲಾರೆ. ಮನುಷ್ಯನ ಕೈಯೆಂದರೆ ಈಗ ಅವನಿಗೆ ಆಟದ ವಸ್ತು; ಅದು ಭಯದ ವಸ್ತುವಾಗಬಾರದು. ನಾಯಿಗೆ ನೀವು ಯಜಮಾನರೆಂದು ತೋರಿಸಬೇಕು, ನೆಲಕ್ಕೆ ಕೆಡವಿ ಒತ್ತಿ ಹಿಡಿಯಬೇಕು ಎಂಬ ಸಲಹೆ, ಪರಸ್ಪರ ಅಪರಿಚಿತ ತೋಳಗಳನ್ನು ಒಂದೇ ಆವರಣದಲ್ಲಿ ಕೂಡಿಹಾಕಿ ನೋಡಿದ ಹಳೆಯ ಅಧ್ಯಯನಗಳಿಂದ ಹುಟ್ಟಿದ್ದು. ಕಾಡಿನ ತೋಳಗಳು ತಂದೆ, ತಾಯಿ, ಮರಿಗಳ ಸಂಸಾರವಾಗಿ ಬಾಳುತ್ತವೆಂದು ತೋಳಗಳ ತಜ್ಞ ಡೇವಿಡ್ ಮೆಕ್ ಅವರೇ 1999ರಲ್ಲಿ ಬರೆದರು.

ಹಗಲೆಲ್ಲ ಕಟ್ಟಿಹಾಕುವುದರಿಂದ ಬೊಗಳುವಿಕೆ ಮತ್ತು ಹತಾಶೆ ಹೆಚ್ಚುತ್ತವೆ. ಅದು ಕಾನೂನಿನ ಪ್ರಶ್ನೆಯೂ ಹೌದು: 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಡಿ ಪ್ರಾಣಿಯನ್ನು ಹೊಡೆಯುವುದು, ಅತಿ ಗಿಡ್ಡ ಸರಪಣಿಯಲ್ಲಿ ಅನುಚಿತವಾಗಿ ಹೆಚ್ಚು ಹೊತ್ತು ಕಟ್ಟುವುದು, ಸದಾ ಕಟ್ಟಿಹಾಕಿದ ನಾಯಿಗೆ ತಕ್ಕ ವ್ಯಾಯಾಮ ಕೊಡದಿರುವುದು ಎಲ್ಲವೂ ಅಪರಾಧಗಳೇ.

ಆಪರೇಷನ್ ವಿಚಾರದಲ್ಲಿ ನಿರೀಕ್ಷೆ ಸರಿಯಾಗಿರಬೇಕು. ಸಂತಾನಹರಣ ಮಾಡಿಸಿದರೆ ಗಂಡುನಾಯಿ ಹೆಣ್ಣನ್ನು ಹುಡುಕಿಕೊಂಡು ಓಡಿಹೋಗುವುದು, ಮನೆಯೊಳಗೆ ಗುರುತಿಗಾಗಿ ಮೂತ್ರ ಮಾಡುವುದು, ಏರಲು ಬರುವುದು ಕಡಿಮೆಯಾಗುತ್ತವೆ. ಹಾರುವುದು, ಅಗಿಯುವುದು, ಎಳೆಯುವುದು ಕಡಿಮೆಯಾಗುವುದಿಲ್ಲ, ಏಕೆಂದರೆ ಅವು ಆ ಹಾರ್ಮೋನಿನಿಂದ ಬಂದವಲ್ಲ. ಅವನಲ್ಲಿ ಸದ್ದಿಗೆ, ಅಪರಿಚಿತರಿಗೆ ಹೆದರುವ ಸ್ವಭಾವವೇನಾದರೂ ಇದ್ದರೆ ಅದು ಹೆಚ್ಚಾಗುವ ಸಾಧ್ಯತೆಯೂ ಉಂಟು. ಬೀದಿಯಲ್ಲಿ ಬೇಡದ ಮರಿಗಳು ಹುಟ್ಟದಿರಲೆಂಬ ಕಾರಣಕ್ಕೆ ಅದನ್ನು ಮಾಡಿಸುವುದು ಒಳ್ಳೆಯದೇ. ಕೀಲುಗಳ ಬೆಳವಣಿಗೆಯನ್ನು ಗಮನದಲ್ಲಿಟ್ಟು ಒಂದು ವರ್ಷ ದಾಟಿದ ಮೇಲೆ ಯಾವಾಗ ಮಾಡಿಸಬೇಕೆಂದು ನಿಮ್ಮ ಪಶುವೈದ್ಯರೊಂದಿಗೆ ಚರ್ಚಿಸಿ.

ನಿದ್ದೆ ಮತ್ತು ಡಬ್ಬಿಯ ಅಭ್ಯಾಸವನ್ನು ಎಲ್ಲರೂ ಸೇರಿ ನಡೆಸಿದರೆ ಎರಡು ಮೂರು ವಾರಗಳಲ್ಲಿ ಸಂಜೆಯ ಓಟ ಇಳಿಯಬೇಕು; ಹಾರುವುದು ಮತ್ತು ಬಾಯಿ ಹಾಕುವುದು ನಿಲ್ಲಲು ಎರಡು ಮೂರು ತಿಂಗಳು ಬೇಕು. ಹರೆಯ ಪೂರ್ತಿ ಮುಗಿಯುವವರೆಗೆ ಕೆಲವು ಕೆಟ್ಟ ದಿನಗಳು ಬಂದೇ ಬರುತ್ತವೆ. ಇದರ ನಡುವೆ ಅವನು ಮೈ ಸೆಟೆದು, ಕಣ್ಣು ನೆಟ್ಟು ಗುರ್ರೆಂದರೆ, ಊಟದ ಅಥವಾ ವಸ್ತುವಿನ ಹತ್ತಿರ ಯಾರನ್ನೂ ಬಿಡದಿದ್ದರೆ, ಹಲ್ಲೂರುವಂತೆ ಕಚ್ಚಿದರೆ, ಗಂಟೆಗಟ್ಟಲೆ ತನ್ನ ಬಾಲವನ್ನೇ ಅಟ್ಟಿಸಿಕೊಂಡು ತಿರುಗಿದರೆ ಅದು ಹರೆಯದ ಚೇಷ್ಟೆಯಲ್ಲ; ಆಗ ಮನೆಯಲ್ಲಿ ಪ್ರಯೋಗ ಮಾಡದೆ ನಡವಳಿಕೆಯ ಚಿಕಿತ್ಸೆಯಲ್ಲಿ ಅನುಭವವಿರುವ ಪಶುವೈದ್ಯರನ್ನು ಕಾಣಿ. ಹಾಸನದ ಮತ್ತು ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಬಹುದು.

ಕೊನೆಯದಾಗಿ ತೋಟದ ಮಾತು. ತೋಟವೆಂದರೆ ನಾಯಿಗೆ ಸ್ವಾತಂತ್ರ್ಯವೆಂದು ನಾವು ಊಹಿಸುತ್ತೇವೆ, ಆದರೆ ತೋಟಕ್ಕೆ ಕೊಟ್ಟ ಲ್ಯಾಬ್ರಡಾರ್‌ಗಳ ಪಾಲಿಗೆ ಬಹಳ ಸಲ ಅದು ಪಂಪ್‌ಸೆಟ್ ಮನೆಯ ಕಂಬ ಮತ್ತು ಒಂದು ಸರಪಣಿ. ಜನರ ಸಹವಾಸವಿಲ್ಲದೆ ಈ ತಳಿ ಸೊರಗುತ್ತದೆ, ದಪ್ಪ ತುಪ್ಪಳದಿಂದಾಗಿ ಬಯಲಿನ ಬಿಸಿಲನ್ನು ತಾಳಲಾರದು, ಹಾವಿನ ಅಪಾಯವಿದೆ, ಮೈಸೂರು ಸುತ್ತಲಿನ ಹಳ್ಳಿಗಳಲ್ಲಿ ಚಿರತೆಗಳು ನಾಯಿಗಳನ್ನು ಹೊತ್ತೊಯ್ಯುವುದು ನಿಮಗೂ ತಿಳಿದ ವಿಷಯ. ಮೂರು ತಿಂಗಳು ಪ್ರಯತ್ನಿಸಿದ ಮೇಲೂ ಅತ್ತೆಯವರ ಸುರಕ್ಷತೆ ಕಷ್ಟವೆನಿಸಿದರೆ ಬೇರೆ ಮನೆಯನ್ನು ಹುಡುಕುವುದರಲ್ಲಿ ತಪ್ಪೇನಿಲ್ಲ, ಅದಕ್ಕಾಗಿ ನೀವು ನಾಚಿಕೊಳ್ಳಬೇಕಾಗಿಯೂ ಇಲ್ಲ. ಆದರೆ ಅದು ಮನೆಯಾಗಿರಬೇಕು, ನೀವೇ ಹೋಗಿ ನೋಡಿ ಬಂದದ್ದಾಗಿರಬೇಕು. ಅವನು ಹಾರುತ್ತಾನೆ, ಬಾಯಿ ಹಾಕುತ್ತಾನೆ, ವಯಸ್ಸಾದವರ ಕೈ ತರಚಿದ್ದಾನೆ ಎಂಬುದನ್ನು ಮುಚ್ಚಿಡದೆ ಅವರಿಗೆ ಹೇಳಿ. ಲಸಿಕೆ ಪುಸ್ತಕದ ಜೊತೆಗೆ ಅವನ ಜಮಖಾನವನ್ನೂ ಕಳಿಸಿ, ಒಗ್ಗದಿದ್ದರೆ ಬೇರೆಯವರ ಕೈಗೆ ದಾಟಿಸದೆ ನಿಮಗೇ ಹಿಂತಿರುಗಿಸುವಂತೆ ಮೊದಲೇ ಮಾತಾಡಿಕೊಳ್ಳಿ.